ಬೆರಳಿಗೆ ಅಗಲ, ಹಲಗೆಗೆ ಚೂಪು: ಪಿನ್ನು ಸರಿಯಾಗಿ ಚುಚ್ಚುವ ಬಗೆ

ಬರಿಗೈಯ ಹೆಬ್ಬೆರಳಿನಿಂದ ಮರದ ಹಲಗೆಯನ್ನು ಎಷ್ಟು ಒತ್ತಿದರೂ ತೂತು ಬೀಳುವುದಿಲ್ಲ. ಬೆರಳು ಕೆಂಪಗಾಗುತ್ತದೆ, ಅಷ್ಟೆ. ಅದೇ ಬೆರಳಿನ ಕೆಳಗೆ ಒಂದು ಡ್ರಾಯಿಂಗ್ ಪಿನ್ ಇಟ್ಟು ಒತ್ತಿ ನೋಡಿ, ಮೆತ್ತನೆಯ ಮರವಾದರೆ ಒಂದೇ ಸಲಕ್ಕೆ ಒಳಗಿಳಿಯುತ್ತದೆ. ಕೈಯ ಬಲ ಒಂದಿಷ್ಟೂ ಹೆಚ್ಚಿಲ್ಲ. ನಡುವೆ ಬಂದ ಆ ಸಣ್ಣ ಲೋಹದ ತುಂಡು ಬಲವನ್ನು ಹುಟ್ಟಿಸಲಿಲ್ಲ, ಅಗಲವಾದ ಜಾಗದಲ್ಲಿ ತೆಗೆದುಕೊಂಡು ಕಿರಿದಾದ ಜಾಗದಲ್ಲಿ ಕೊಟ್ಟಿತು.

ಇಷ್ಟು ಶಾಲೆಯ ಪುಸ್ತಕದಲ್ಲೇ ಬರುತ್ತದೆ. ಆದರೆ ಪಿನ್ನು ಬಾಗುವುದು, ಹಲಗೆ ಸೀಳುವುದು, ಕಾಗದ ಹರಿಯುವುದು, ಗೋಡೆಯಿಂದ ಪಿನ್ನು ಕಳಚಿ ಬೀಳುವುದು, ಇವೆಲ್ಲವೂ ಅದೇ ಲೆಕ್ಕದಿಂದ ಅರ್ಥವಾಗುತ್ತವೆ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ನನ್ನ ಅನುಭವದಲ್ಲಿ, ಒತ್ತಡ ಎಲ್ಲಿ ಬೀಳಬೇಕಿತ್ತೋ ಅಲ್ಲಿ ಬೀಳದೆ ಬೇರೆಲ್ಲೋ ಬಿದ್ದಾಗಲೇ ಪಿನ್ನು ಕೈಕೊಡುತ್ತದೆ. ಆ ಜಾಗವನ್ನು ಹುಡುಕುವುದು ಹೇಗೆ ಎಂಬುದನ್ನೇ ಮುಂದೆ ಹಂತಹಂತವಾಗಿ ಬರೆದಿದ್ದೇನೆ.

1. ಮೊದಲು ಪಿನ್ನನ್ನು ಅಳೆಯಿರಿ

ಒಂದು ಡ್ರಾಯಿಂಗ್ ಪಿನ್ ತೆಗೆದುಕೊಳ್ಳಿ. ಅದರ ತಲೆಯನ್ನು ಸ್ಕೇಲಿನ ಮೇಲಿಟ್ಟು ಅಡ್ಡಳತೆ ನೋಡಿ. ಸಾಮಾನ್ಯವಾಗಿ 10 ಮಿಲಿಮೀಟರ್ ಆಸುಪಾಸಿನಲ್ಲಿರುತ್ತದೆ. ಮೊನೆಯನ್ನು ಸ್ಕೇಲಿನಲ್ಲಿ ಅಳೆಯಲಾಗದು. ಭೂತಗನ್ನಡಿ ಹಿಡಿದು ನೋಡಿದರೆ, ಸೂಜಿಯಂತೆ ಕಂಡದ್ದರ ತುದಿಯೂ ಸ್ವಲ್ಪ ದುಂಡಗೇ ಇದೆ ಎಂದು ತಿಳಿಯುತ್ತದೆ. ಆ ದುಂಡನೆಯ ತುದಿಯ ಅಡ್ಡಳತೆ 0.2 ಮಿಲಿಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕೋಣ.

ವೃತ್ತದ ವಿಸ್ತೀರ್ಣ ಅಡ್ಡಳತೆಯ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ತಲೆ ಮೊನೆಗಿಂತ 50 ಪಟ್ಟು ಅಗಲ. ಅಂದರೆ ವಿಸ್ತೀರ್ಣದಲ್ಲಿ 50ರ ವರ್ಗ, 2,500 ಪಟ್ಟು. ಒತ್ತಡ ಎಂದರೆ ಬಲವನ್ನು ಅದು ಬೀಳುವ ಜಾಗದ ವಿಸ್ತೀರ್ಣದಿಂದ ಭಾಗಿಸಿದ್ದು. ಬಲ ಎರಡೂ ಕಡೆ ಒಂದೇ ಆದ್ದರಿಂದ ಮೊನೆಯ ಒತ್ತಡ ತಲೆಯ ಮೇಲಿನ ಒತ್ತಡಕ್ಕಿಂತ 2,500 ಪಟ್ಟು ಹೆಚ್ಚು. ಪಿನ್ನಿನ ಇಡೀ ವಿನ್ಯಾಸ ಈ ಒಂದು ಅಂಕಿಯಲ್ಲಿದೆ.

ಇನ್ನು ನಿಮ್ಮ ಬೆರಳಿನ ಬಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಮೇಜಿನ ಮೇಲಿಟ್ಟು, ಪಿನ್ನು ಚುಚ್ಚುವಾಗ ಎಷ್ಟು ಒತ್ತುತ್ತೀರೋ ಅಷ್ಟೇ ಹೆಬ್ಬೆರಳಿನಿಂದ ಒತ್ತಿ. ತಕ್ಕಡಿಯ ಮಿತಿ ದಾಟದಂತೆ ನೋಡಿಕೊಳ್ಳಿ. ಅಂಕಿ 2 ಕಿಲೋ ತೋರಿಸಿತು ಅಂದುಕೊಳ್ಳಿ, ಅದು ಸುಮಾರು 20 ನ್ಯೂಟನ್ ಬಲ. ತಲೆಯ ವಿಸ್ತೀರ್ಣ ಹತ್ತಿರಹತ್ತಿರ 78 ಚದರ ಮಿಲಿಮೀಟರ್. ಹಾಗಾಗಿ ಬೆರಳಿನ ಮೇಲೆ ಬೀಳುವ ಒತ್ತಡ ಎರಡೂವರೆ ಲಕ್ಷ ಪ್ಯಾಸ್ಕಲ್. ನಮ್ಮ ಸುತ್ತಲಿನ ಗಾಳಿಯ ಒತ್ತಡವೇ ಸುಮಾರು ಒಂದು ಲಕ್ಷ ಪ್ಯಾಸ್ಕಲ್ ಇರುವಾಗ, ಇದನ್ನು ಬೆರಳು ಸುಲಭವಾಗಿ ತಡೆದುಕೊಳ್ಳುತ್ತದೆ. ಮೊನೆಯಲ್ಲಿ ಅದೇ 20 ನ್ಯೂಟನ್ ಸುಮಾರು 64 ಕೋಟಿ ಪ್ಯಾಸ್ಕಲ್ ಆಗುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ನ್ಯೂಟನ್ ಬಿದ್ದರೆ ಒಂದು ಪ್ಯಾಸ್ಕಲ್. 1623ರಲ್ಲಿ ಹುಟ್ಟಿದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪ್ಯಾಸ್ಕಲ್ ಅವರ ಹೆಸರನ್ನು ಈ ಅಳತೆಗೆ ಅಧಿಕೃತವಾಗಿ ಇಟ್ಟದ್ದು 1971ರಲ್ಲಿ.

2. ಎರಡು ಸೋಪಿನ ತುಂಡುಗಳ ನಡುವೆ ಇಟ್ಟು ನೋಡಿ

ಲೆಕ್ಕ ಮಾಡಿದ್ದನ್ನು ಕಣ್ಣಿನಿಂದ ನೋಡಬೇಕು. ಒಂದೇ ಸೋಪನ್ನು ಎರಡು ದಪ್ಪ ತುಂಡುಗಳಾಗಿ ಕತ್ತರಿಸಿ. ಒಂದನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಡ್ರಾಯಿಂಗ್ ಪಿನ್ನಿನ ಮೊನೆ ತಾಗುವಂತೆ ನೇರವಾಗಿ ನಿಲ್ಲಿಸಿ. ಇನ್ನೊಂದು ತುಂಡನ್ನು ತಲೆಯ ಮೇಲಿಟ್ಟು ಅಂಗೈಯಿಂದ ನಿಧಾನವಾಗಿ ಒತ್ತಿ.

ಕೆಳಗಿನ ಸೋಪಿನಲ್ಲಿ ಪಿನ್ನು ಪೂರ್ತಿ ಮುಳುಗುತ್ತದೆ. ಮೇಲಿನ ತುಂಡನ್ನು ತಿರುಗಿಸಿ ನೋಡಿ: ಹೆಚ್ಚೆಂದರೆ ಒಂದು ದುಂಡನೆಯ ಗುರುತು, ನಾಣ್ಯ ಒತ್ತಿದ ಹಾಗೆ. ಸೋಪು ಒಂದೇ, ಬಲ ಒಂದೇ. ಮಕ್ಕಳಿಗೆ ತೋರಿಸುವುದಾದರೆ ಸೂತ್ರಕ್ಕಿಂತ ಮೊದಲು ಇದನ್ನೇ ತೋರಿಸಿ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮೊನೆಯ ಕಡೆ ಬಲ ಹೆಚ್ಚಿದೆ ಎಂಬ ತಪ್ಪು ತಿಳಿವಳಿಕೆ ಇಲ್ಲಿಯೇ ಕಳಚುತ್ತದೆ. ಹೆಚ್ಚಿದ್ದು ಬಲವಲ್ಲ, ಒತ್ತಡ.

ಇದೇ ಪ್ರಯೋಗವನ್ನು ತಕ್ಕಡಿಯ ಮೇಲೆ ಮಾಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಕೆಳಗಿನ ಸೋಪು ಪಿನ್ನಿನ ಉದ್ದಕ್ಕಿಂತ ದಪ್ಪ ಇರಲಿ, ಇಲ್ಲವಾದರೆ ಮೊನೆ ತಕ್ಕಡಿಯನ್ನು ಗೀಚೀತು. ಸೋಪನ್ನಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ಪಿನ್ನನ್ನು ನಿಧಾನವಾಗಿ ಇಳಿಸಿ. ಮೊದಲು ತೀರ ಕಡಿಮೆ ಬಲಕ್ಕೇ ತುದಿ ಒಳಗಾಗುತ್ತದೆ. ಮೊನೆಯ ಇಳಿಜಾರು ಭಾಗ ಇಳಿಯುತ್ತಾ ಹೋದಂತೆ ಅಂಕಿ ಏರುತ್ತದೆ, ಏಕೆಂದರೆ ಈಗ ತಾಗುತ್ತಿರುವ ಜಾಗ ಅಗಲವಾಗುತ್ತಿದೆ. ಇಳಿಜಾರು ಮುಗಿದು ಒಂದೇ ದಪ್ಪದ ಕಡ್ಡಿ ಇಳಿಯತೊಡಗಿದಾಗ ಸೋಪು ಅದನ್ನು ಪಕ್ಕಗಳಿಂದ ಹಿಡಿಯುತ್ತದೆ, ಆ ಘರ್ಷಣೆಗಾಗಿ ಇನ್ನಷ್ಟು ಒತ್ತಬೇಕಾಗುತ್ತದೆ. ಮೊನೆಯ ಒತ್ತಡ ದಾರಿ ತೆರೆಯುತ್ತದೆ ನಿಜ, ಆದರೆ ಕೈಗೆ ಆಗುವ ಶ್ರಮದಲ್ಲಿ ದೊಡ್ಡ ಪಾಲು ಆಮೇಲಿನದು.

ಆ ಪಕ್ಕದ ಹಿಡಿತವನ್ನು ನೆನಪಿನಲ್ಲಿಡಿ. ಪಿನ್ನು ಒಳಹೋಗಲು ಒಂದು ಒತ್ತಡ ಬೇಕು, ಒಳಗೇ ನಿಲ್ಲಲು ಇನ್ನೊಂದು ಬೇಕು. ಮೊದಲನೆಯದನ್ನು ನಾವು ಕೊಡುತ್ತೇವೆ, ಎರಡನೆಯದನ್ನು ಹಲಗೆ ಕೊಡುತ್ತದೆ.

3. ಹಲಗೆ ಪಿನ್ನನ್ನು ಹಿಡಿದುಕೊಳ್ಳಬಲ್ಲದೇ, ನೋಡಿ

ಕಾರ್ಕ್ ಬೋರ್ಡು ಪಿನ್ನಿಗೆ ಹೇಳಿ ಮಾಡಿಸಿದ್ದು. ಕಾರ್ಕಿನಲ್ಲಿ ಗಾಳಿ ತುಂಬಿದ ಸಣ್ಣಸಣ್ಣ ಗೂಡುಗಳಿರುತ್ತವೆ. ಪಿನ್ನು ಬಂದಾಗ ಅವು ಕುಗ್ಗಿ ಜಾಗ ಕೊಡುತ್ತವೆ, ಮರಳಿ ಹಿಗ್ಗಲು ಹವಣಿಸುತ್ತಾ ಕಡ್ಡಿಯನ್ನು ಸುತ್ತಲಿಂದ ಒತ್ತಿ ಹಿಡಿಯುತ್ತವೆ. ಪಿನ್ನು ಕಿತ್ತ ಮೇಲೆ ತೂತು ಬಹುಮಟ್ಟಿಗೆ ಮುಚ್ಚಿಕೊಳ್ಳುವುದೂ ಇದರಿಂದಲೇ. ಮೆತ್ತನೆಯ ಮರದಲ್ಲಿ ಈ ಕೆಲಸವನ್ನು ಮರದ ಎಳೆಗಳು ಮಾಡುತ್ತವೆ.

ಗಾರೆಯ ಗೋಡೆ ಹಾಗಲ್ಲ. ಅದು ಬಳುಕದು, ಪುಡಿಯಾಗುತ್ತದೆ. ಪಿನ್ನಿನ ಸುತ್ತ ಪುಡಿ ಉದುರಿದರೆ ಹಿಡಿಯುವವರೇ ಇಲ್ಲದಂತಾಗಿ ಪಿನ್ನು ಸಡಿಲವಾಗುತ್ತದೆ. ಅದನ್ನೇ ಮತ್ತೆ ಮತ್ತೆ ಅದೇ ತೂತಿಗೆ ತುರುಕುವುದರಿಂದ ತೂತು ದೊಡ್ಡದಾಗುತ್ತದೆಯೇ ಹೊರತು ಹಿಡಿತ ಬರುವುದಿಲ್ಲ. ಅಂಥ ಗೋಡೆಗೆ ಒಂದು ಕಾರ್ಕ್ ಅಥವಾ ಮರದ ಪಟ್ಟಿಯನ್ನು ಗಟ್ಟಿಯಾಗಿ ಕೂರಿಸಿ, ಪಿನ್ನುಗಳನ್ನೆಲ್ಲ ಅದರ ಮೇಲೆ ಚುಚ್ಚುವುದು ಸರಿಯಾದ ದಾರಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ನನಗೂ ಬಹಳ ದಿನ ಕಾಡಿದ್ದು. ಮೊನೆಯಲ್ಲಿ 64 ಕೋಟಿ ಪ್ಯಾಸ್ಕಲ್ ಒತ್ತಡ ಇದೆ ಅಂದೆವು. ಸಾಧಾರಣ ಕಾಂಕ್ರೀಟು ಎರಡರಿಂದ ನಾಲ್ಕು ಕೋಟಿ ಪ್ಯಾಸ್ಕಲ್ ಒತ್ತಡಕ್ಕೆ ಪುಡಿಯಾಗುತ್ತದೆ. ಹಾಗಿದ್ದರೆ ಡ್ರಾಯಿಂಗ್ ಪಿನ್ನು ಕಾಂಕ್ರೀಟಿನೊಳಗೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಬೇಕಲ್ಲ?

ಇಳಿಯುವುದಿಲ್ಲ, ಏಕೆಂದರೆ ಆ ಎರಡರಿಂದ ನಾಲ್ಕು ಕೋಟಿ ಎಂಬುದು ಒಂದು ಇಡೀ ಗಟ್ಟಿಯನ್ನು ಯಂತ್ರದಲ್ಲಿಟ್ಟು ಒತ್ತಿದಾಗ ಸಿಗುವ ಅಂಕಿ. ಅಲ್ಲಿ ಅದರ ಪಕ್ಕಗಳು ಬಿಡುವಾಗಿರುತ್ತವೆ, ಸೀಳಿಕೊಂಡು ಹೊರಗೆ ಸರಿಯಬಹುದು. ಪಿನ್ನಿನ ಮೊನೆಯ ಕೆಳಗಿನ ಚೂರಿಗೆ ಸರಿಯಲು ಜಾಗವಿಲ್ಲ, ಸುತ್ತಲೂ ಅದೇ ಗಟ್ಟಿ ವಸ್ತು ಅದನ್ನು ಅದುಮಿ ಹಿಡಿದಿದೆ. ಮೊನೆ ಜಲ್ಲಿಯ ಮೇಲೆ ಬಿದ್ದಿದ್ದರಂತೂ ಮುಗಿಯಿತು. ಕೂದಲೆಳೆಯಷ್ಟು ಇಳಿದರೂ ತಾಗುವ ಜಾಗ ಅಗಲವಾಗಿ ಒತ್ತಡ ಕುಸಿಯುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಮೊನೆ ಗೋಡೆಯನ್ನು ಎಷ್ಟು ಒತ್ತುತ್ತದೋ ಗೋಡೆಯೂ ಮೊನೆಯನ್ನು ಅಷ್ಟೇ ಒತ್ತುತ್ತದೆ. ಮೆದು ಉಕ್ಕಿನ ಮೊನೆ ತಾನೇ ಚಪ್ಪಟೆಯಾಗುತ್ತದೆ. ಕಾಂಕ್ರೀಟಿಗೆ ಗಟ್ಟಿಗೊಳಿಸಿದ ಉಕ್ಕಿನ ದಪ್ಪ ಮೊಳೆಯನ್ನೇ ಸುತ್ತಿಗೆಯಿಂದ ಹೊಡೆಯುವುದಕ್ಕೆ ಕಾರಣ ಇದು.

ಮೊನೆ ಹೆಚ್ಚು ಚೂಪಾದಷ್ಟೂ ಒಳ್ಳೆಯದು ಎಂಬುದೂ ಹಾಗಾಗಿ ಪೂರ್ತಿ ಸರಿಯಲ್ಲ. ತೀರ ಸಣ್ಣ ತುದಿ ಮೊದಲ ತಾಗಿಗೇ ಮಡಚಿಕೊಂಡು ಕೊಕ್ಕೆಯಾಗುತ್ತದೆ. ಹಳೆಯ ಗುಂಡುಸೂಜಿ ಬಟ್ಟೆಯ ಎಳೆಯನ್ನು ಕಿತ್ತು ತರುತ್ತಿದ್ದರೆ ಅದರ ತುದಿಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ, ಗೀರು ಬಿದ್ದರೆ ತುದಿ ಮಡಚಿದೆ ಎಂದೇ ಅರ್ಥ.

4. ಕಡ್ಡಿಯ ಉದ್ದ ಮತ್ತು ದಪ್ಪವನ್ನು ಕೆಲಸಕ್ಕೆ ಹೊಂದಿಸಿ

ಪಿನ್ನು ಬಾಗಿದರೆ ನಾವು ಮೊನೆಯನ್ನು ಬೈಯುತ್ತೇವೆ. ತಪ್ಪು ಸಾಮಾನ್ಯವಾಗಿ ಕಡ್ಡಿಯದು. ತೆಳ್ಳಗೆ ಉದ್ದಗಿರುವ ಯಾವ ಕಡ್ಡಿಯಾದರೂ ತುದಿಯಿಂದ ಒತ್ತಿದಾಗ ಒಂದು ಮಿತಿಯ ನಂತರ ತಟ್ಟನೆ ಪಕ್ಕಕ್ಕೆ ಬಾಗುತ್ತದೆ. ಈ ಮಿತಿಯ ಸೂತ್ರವನ್ನು 18ನೇ ಶತಮಾನದಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಕೊಟ್ಟರು. ಉದ್ದ ಎರಡು ಪಟ್ಟಾದರೆ ತಡೆಯುವ ಬಲ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ದಪ್ಪ ಎರಡು ಪಟ್ಟಾದರೆ ತಡೆಯುವ ಬಲ 16 ಪಟ್ಟು ಏರುತ್ತದೆ.

ಹೊಲಿಗೆಗೆ ಬಳಸುವ ಗುಂಡುಸೂಜಿ 0.6 ಮಿಲಿಮೀಟರ್ ದಪ್ಪ, 30 ಮಿಲಿಮೀಟರ್ ಉದ್ದ ಇದ್ದರೆ ಸುಮಾರು 14 ನ್ಯೂಟನ್ ಬಲಕ್ಕೆ, ಅಂದರೆ ಒಂದೂವರೆ ಕಿಲೋಗೂ ಕಡಿಮೆ ಒತ್ತಿಗೆ, ಬಾಗುತ್ತದೆ. ನಿಮ್ಮ ಹೆಬ್ಬೆರಳು ಕೊಡುವ 20 ನ್ಯೂಟನ್ನಿಗೇ ಅದು ಸೋತಿತು. ಒಂದು ಮಿಲಿಮೀಟರ್ ದಪ್ಪದ, 8 ಮಿಲಿಮೀಟರ್ ಉದ್ದದ ಡ್ರಾಯಿಂಗ್ ಪಿನ್ನಿನ ಕಡ್ಡಿ ಕೆಲವು ನೂರು ನ್ಯೂಟನ್‌ವರೆಗೂ ನಿಲ್ಲುತ್ತದೆ. ಡ್ರಾಯಿಂಗ್ ಪಿನ್ನು ಗಿಡ್ಡಗಿರುವುದು ಲೋಹ ಉಳಿಸಲು ಮಾತ್ರವಲ್ಲ. ಗುಂಡುಸೂಜಿಯ ಕೆಲಸ ಬಟ್ಟೆಯ ಪದರಗಳ ನಡುವೆ ನುಸುಳುವುದು, ಅದಕ್ಕೆ ತೆಳುವೂ ಉದ್ದವೂ ಬೇಕು. ಹಲಗೆಗೆ ಬಳಸಿದಾಗ ಬಾಗಿದರೆ ತಪ್ಪು ಅದರದ್ದಲ್ಲ.

ಉದ್ದನೆಯ ತೆಳು ಪಿನ್ನನ್ನೇ ಮರಕ್ಕೆ ಹೊಡೆಯಬೇಕಾಗಿ ಬಂದರೆ ಇಕ್ಕಳದಲ್ಲಿ ಮೊನೆಯ ಹತ್ತಿರ ಹಿಡಿಯಿರಿ. ಮೊನೆಯಿಂದ 10 ಮಿಲಿಮೀಟರ್ ಮಾತ್ರ ಹೊರಗಿರಲಿ. ಬಾಗಬಲ್ಲ ಉದ್ದ ಮೂರನೇ ಒಂದಾಯಿತು, ತಡೆಯುವ ಬಲ ಒಂಬತ್ತು ಪಟ್ಟಾಯಿತು. ಇಕ್ಕಳದಿಂದಲೇ ಹಲಗೆಗೆ ತಳ್ಳಿ, ಸ್ವಲ್ಪ ಇಳಿದ ಮೇಲೆ ಹಿಡಿತವನ್ನು ಮೇಲಕ್ಕೆ ಸರಿಸಿ ಮತ್ತೆ ತಳ್ಳಿ. ಮೊನೆಗೆ ಒಣ ಸೋಪು ಅಥವಾ ಮೇಣ ಸವರಿದರೆ ಘರ್ಷಣೆ ಕಡಿಮೆಯಾಗಿ ಇನ್ನೂ ಸಲೀಸು. ಆದರೆ ಭಾರ ಹೊರಬೇಕಾದ ಪಿನ್ನಿಗೆ ಇದನ್ನು ಮಾಡಬೇಡಿ. ಒಳಗೆ ಹಿಡಿದಿಡುವುದೂ ಅದೇ ಘರ್ಷಣೆ.

5. ತಲೆಯನ್ನು ಬೆರಳಿನ ಕಣ್ಣಿನಿಂದ ನೋಡಿ

ಗುಂಡುಸೂಜಿಯ ತಲೆ 2 ಮಿಲಿಮೀಟರ್ ಅಗಲವಿದ್ದರೆ ಅದೇ 20 ನ್ಯೂಟನ್ನಿಗೆ ಬೆರಳಿನ ಮೇಲಿನ ಒತ್ತಡ ಡ್ರಾಯಿಂಗ್ ಪಿನ್ನಿನದಕ್ಕಿಂತ 25 ಪಟ್ಟು. ನೋಯುತ್ತದೆ, ಆದ್ದರಿಂದ ಕೈ ತಾನಾಗಿ ಹಿಂಜರಿಯುತ್ತದೆ, ಹಿಂಜರಿದ ಕೈ ಪಿನ್ನನ್ನು ಓರೆಯಾಗಿ ತಳ್ಳುತ್ತದೆ. ಹೊಲಿಗೆಯ ಸೂಜಿಗಂತೂ ತಲೆಯೇ ಇಲ್ಲ, ಅದು ಬಟ್ಟೆಯ ಇನ್ನೊಂದು ಬದಿಗೆ ಪೂರ್ತಿ ದಾಟಿಹೋಗಬೇಕಲ್ಲ. ಅದಕ್ಕೇ ತಲೆಯನ್ನು ಬೆರಳಿಗೆ ತೊಡಿಸಿದ್ದಾರೆ. ದಪ್ಪ ಬಟ್ಟೆ ಹೊಲಿಯುವವರು ಹಾಕಿಕೊಳ್ಳುವ ಲೋಹದ ಪುಟ್ಟ ಟೋಪಿ ಮಾಡುವ ಕೆಲಸ ಅದೇ.

ಅಗ್ಗದ ಡ್ರಾಯಿಂಗ್ ಪಿನ್ನುಗಳಲ್ಲಿ ಒಂದು ಅಪಾಯವಿದೆ. ಕೆಲವಲ್ಲಿ ತಲೆ ಬೇರೆ, ಕಡ್ಡಿ ಬೇರೆ ಮಾಡಿ ಜೋಡಿಸಿರುತ್ತಾರೆ. ಒಮ್ಮೆ ಗಟ್ಟಿ ಮರದ ಚೌಕಟ್ಟಿಗೆ ಅಂಥದ್ದೊಂದನ್ನು ಜೋರಾಗಿ ಒತ್ತಿದೆ. ಮೊನೆ ಇಳಿಯಲಿಲ್ಲ. ಕಡ್ಡಿಯ ಹಿಂತುದಿ ತಲೆಯ ತಗಡನ್ನು ತೂರಿ ನನ್ನ ಹೆಬ್ಬೆರಳಿಗೆ ಇಳಿಯಿತು. ಚೂಪಿಲ್ಲದ ತುದಿ, ಆದರೂ ಒಂದು ಮಿಲಿಮೀಟರ್ ಅಗಲದ ಮೇಲೆ ಇಡೀ ಬಲ ಬಿದ್ದರೆ ಚರ್ಮ ಎಲ್ಲಿ ತಡೆದೀತು? ಅಂದಿನಿಂದ ಹೊಸ ಡಬ್ಬಿ ತಂದಾಗ ಒಂದೆರಡು ಪಿನ್ನುಗಳ ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ಅಲುಗಾಡಿಸಿ ನೋಡುತ್ತೇನೆ. ಅಲುಗಿದರೆ ಆ ಡಬ್ಬಿ ಕಾರ್ಕ್ ಬೋರ್ಡಿಗೆ ಮಾತ್ರ. ಇನ್ನೊಂದು ಬಗೆಯಲ್ಲಿ ತಲೆಯ ತಗಡಿನಿಂದಲೇ ತ್ರಿಕೋನದ ನಾಲಗೆ ಕತ್ತರಿಸಿ ಕೆಳಕ್ಕೆ ಬಾಗಿಸಿರುತ್ತಾರೆ. ಅದರಲ್ಲಿ ಕಡ್ಡಿ ಹಿಂದಕ್ಕೆ ಬರುವ ಭಯವಿಲ್ಲ, ಆದರೆ ನಾಲಗೆ ಚಪ್ಪಟೆಯಾದ್ದರಿಂದ ಗಟ್ಟಿ ಮರದಲ್ಲಿ ಬೇಗ ಮಡಚುತ್ತದೆ.

ಬೆರಳುಗಳಲ್ಲಿ ಹಿಡಿದು ಚುಚ್ಚುವ, ನಡು ಸಣ್ಣಗಿರುವ ಪುಶ್ ಪಿನ್ನನ್ನು 1900ರಲ್ಲಿ ಅಮೆರಿಕದ ಎಡ್ವಿನ್ ಮೂರ್ ರೂಪಿಸಿದರು. ಚುಚ್ಚುವುದಕ್ಕಿಂತ ಕೀಳುವುದರಲ್ಲಿ ಅದರ ಜಾಣತನ ಹೆಚ್ಚು ಕಾಣುತ್ತದೆ. ಹಿಡಿಯಲು ಜಾಗವಿದೆ, ಉಗುರು ಮುರಿದುಕೊಳ್ಳಬೇಕಿಲ್ಲ. ಮತ್ತೆ ಮತ್ತೆ ಕಾಗದ ಬದಲಿಸುವ ಬೋರ್ಡಿಗೆ ನಾನು ಇದನ್ನೇ ಹೇಳುತ್ತೇನೆ.

6. ಕಾಗದವನ್ನು ಮರೆಯಬೇಡಿ

ಗೋಡೆಯಲ್ಲಿ ಬಹಳ ದಿನ ತೂಗಿದ ಕ್ಯಾಲೆಂಡರನ್ನು ಇಳಿಸಿ ಅದರ ತೂತನ್ನು ಬೆಳಕಿಗೆ ಹಿಡಿದು ನೋಡಿ. ದುಂಡಗಿದ್ದ ತೂತು ಮೇಲ್ಮುಖವಾಗಿ ಉದ್ದವಾಗಿರುತ್ತದೆ. ಕಾಗದ ಕೆಳಗೆ ಜಗ್ಗುತ್ತದೆ, ಪಿನ್ನಿನ ಕಡ್ಡಿ ತೂತಿನ ಮೇಲಂಚನ್ನು ಒತ್ತುತ್ತಲೇ ಇರುತ್ತದೆ. ಒಂದು ಮಿಲಿಮೀಟರ್ ದಪ್ಪದ ಕಡ್ಡಿ, 0.1 ಮಿಲಿಮೀಟರ್ ದಪ್ಪದ ಹಾಳೆ: ತಾಗುವ ಜಾಗ ಚದರ ಮಿಲಿಮೀಟರಿನ ಹತ್ತನೇ ಒಂದು. ನೂರು ಗ್ರಾಂ ಭಾರ ಅಲ್ಲಿ ಒಂದು ಕೋಟಿ ಪ್ಯಾಸ್ಕಲ್ ಒತ್ತಡವಾಗುತ್ತದೆ. ಹಲಗೆಯನ್ನು ಚುಚ್ಚಿದ ಲೆಕ್ಕವೇ ಈಗ ಕಾಗದವನ್ನು ಸೀಳುತ್ತಿದೆ.

ಪರಿಹಾರ ತಲೆಯಲ್ಲಿದೆ. ಪಿನ್ನನ್ನು ತಲೆ ಕಾಗದಕ್ಕೆ ಅಂಟುವವರೆಗೂ ಒತ್ತಿದರೆ ಕಾಗದ ತಲೆಗೂ ಹಲಗೆಗೂ ನಡುವೆ ಸಿಕ್ಕಿ ಹಿಡಿದುಕೊಳ್ಳುತ್ತದೆ, ಭಾರದ ಒಂದಷ್ಟು ಪಾಲು ಆ ಅಗಲವಾದ ಜಾಗಕ್ಕೆ ಹಂಚಿಹೋಗುತ್ತದೆ. ಅರ್ಧಕ್ಕೇ ಬಿಟ್ಟ ಪಿನ್ನಿನಲ್ಲಿ ಇದು ಆಗುವುದಿಲ್ಲ. ತಲೆಯ ಕೆಳಗೆ ರಟ್ಟಿನ ಚಿಕ್ಕ ತುಂಡು ಇಟ್ಟರೆ ಹಿಡಿತ ಇನ್ನೂ ಅಗಲ. ಭಾರದ ಪೋಸ್ಟರಿಗೆ ಎರಡರ ಬದಲು ಆರು ಪಿನ್ನು ಹಾಕಿದರೆ ಒಂದೊಂದರ ಪಾಲು ಮೂರನೇ ಒಂದು. ಕುರ್ಚಿಯ ಬಟ್ಟೆಗೆ ಹೊಡೆಯುವ ಅಗಲ ತಲೆಯ ಗಿಡ್ಡ ಮೊಳೆಗಳನ್ನು ಒತ್ತೊತ್ತಾಗಿ ಸಾಲಾಗಿ ಹೊಡೆಯುವುದೂ ಇದೇ ಉಪಾಯ.

7. ಚುಚ್ಚುವ ಕ್ರಮ

ಮೊನೆಯನ್ನು ಗುರುತಿನ ಮೇಲಿಟ್ಟು ಮೆಲ್ಲಗೆ ಒಂದು ಚುಕ್ಕೆಯಷ್ಟು ಮಾತ್ರ ಇಳಿಸಿ. ಕಣ್ಣನ್ನು ಪಕ್ಕಕ್ಕೆ ತಂದು ನೇರವಿದೆಯೇ ನೋಡಿ. ಆಮೇಲೆ ಮೊಣಕೈ, ಮಣಿಕಟ್ಟು, ಹೆಬ್ಬೆರಳು ಒಂದೇ ಗೆರೆಯಲ್ಲಿ ಬರುವಂತೆ ನಿಂತು ಒಂದೇ ಸಮನೆ ಒತ್ತಿ. ಓರೆಯಾಗಿ ಒತ್ತಿದರೆ ಬಲದ ಒಂದು ಪಾಲು ಕಡ್ಡಿಯನ್ನು ಬಾಗಿಸಲು ಖರ್ಚಾಗುತ್ತದೆ. ಭಾರ ತೂಗುಹಾಕುವ ಮೊಳೆಗೆ ಮಾತ್ರ ಬೇಕೆಂದೇ ತುಸು ಓರೆ ಕೊಡಿ: ತಲೆ ಮೇಲಿರಲಿ, ಮೊನೆ ಒಳಗೆ ಕೆಳಮುಖವಾಗಿರಲಿ. ಆಗ ತೂಗುಹಾಕಿದ್ದು ತಲೆಯ ಕಡೆಗೆ ಜಾರಿಬರುವುದಿಲ್ಲ.

ಗಟ್ಟಿ ಮರವಾದರೆ ಬಲ ಹೆಚ್ಚಿಸುವ ಬದಲು ಮೊದಲು ತೆಳುವಾದ ಡ್ರಿಲ್ಲಿನಿಂದ, ಕಡ್ಡಿಗಿಂತ ಸಣ್ಣ ತೂತು ಮಾಡಿಕೊಳ್ಳಿ. ಹಲಗೆಯ ಅಂಚಿಗೆ ಹತ್ತಿರ ಮೊಳೆ ಹೊಡೆಯುವಾಗ ಬಡಗಿಗಳು ಮಾಡುವ ಒಂದು ಕೆಲಸ ಕಲಿಯುವಂಥದ್ದು. ಮೊಳೆಯನ್ನು ತಲೆಕೆಳಗಾಗಿ ಗಟ್ಟಿ ನೆಲದ ಮೇಲೆ ನಿಲ್ಲಿಸಿ ಮೊನೆಗೆ ಸುತ್ತಿಗೆಯಿಂದ ಒಂದೆರಡು ಸಲ ತಟ್ಟಿ ಮೊಂಡು ಮಾಡುತ್ತಾರೆ. ಚೂಪು ಮೊನೆ ಬೆಣೆಯ ಹಾಗೆ ಎಳೆಗಳನ್ನು ಎರಡು ಬದಿಗೆ ಸರಿಸುತ್ತದೆ, ಅಂಚಿನಲ್ಲಿ ಆ ಪಕ್ಕದ ಒತ್ತಡವನ್ನು ತಡೆಯಲು ಮರ ಇರುವುದಿಲ್ಲ, ಸೀಳು ಬಿಡುತ್ತದೆ. ಮೊಂಡು ಮೊನೆ ಎಳೆಗಳನ್ನು ಜಜ್ಜಿ ಕಡಿದು ದಾರಿ ಮಾಡಿಕೊಳ್ಳುತ್ತದೆ. ಹೊಡೆಯಲು ಹೆಚ್ಚು ಶ್ರಮ, ಆದರೆ ಹಲಗೆ ಉಳಿಯುತ್ತದೆ.

ಕೀಳುವಾಗ ಡ್ರಾಯಿಂಗ್ ಪಿನ್ನಿನ ಅಂಚಿನ ಕೆಳಗೆ ಉಗುರು ತೂರಿಸಬೇಡಿ, ಚಮಚದ ಹಿಡಿಯ ತುದಿ ಸಾಕು. ಹಲಗೆಗೆ ಕಲೆಯಾಗದಂತೆ ಚಮಚದ ಕೆಳಗೆ ಮಡಚಿದ ಕಾಗದ ಇಡಿ.

ಕೆಲಸ ಮುಗಿದ ಮೇಲೆ ಪಿನ್ನುಗಳನ್ನು ಎಣಿಸಿ. ನೆಲಕ್ಕೆ ಬಿದ್ದ ಡ್ರಾಯಿಂಗ್ ಪಿನ್ನು ಅಗಲವಾದ ತಲೆಯ ಮೇಲೆ ಕೂತರೆ ಅದರ ಮೊನೆ ನೇರ ಮೇಲಕ್ಕೆ ನೋಡುತ್ತದೆ, ಮೇಲೆ ಬೀಳುವ ಪಾದ 20 ನ್ಯೂಟನ್ನಿನದಲ್ಲ, ಹಲವು ನೂರು ನ್ಯೂಟನ್ನಿನದು. ಪುಶ್ ಪಿನ್ನು ಮಗ್ಗುಲಾಗಿ ಮಲಗುವುದರಿಂದ ಅಷ್ಟು ಅಪಾಯವಿಲ್ಲ. ಒಂದು ಕಡಿಮೆ ಬಂದರೆ ದೀಪವನ್ನು ನೆಲಕ್ಕೆ ತಾಗಿಸಿ ಹಿಡಿದು ಉದ್ದನೆಯ ನೆರಳನ್ನು ಹುಡುಕಿ, ಇಲ್ಲವೇ ಅಯಸ್ಕಾಂತವನ್ನು ನೆಲದ ಮೇಲೆ ಆಡಿಸಿ. ಹಿತ್ತಾಳೆ ಬಣ್ಣದ್ದೂ ಹೆಚ್ಚಾಗಿ ಒಳಗೆ ಉಕ್ಕೇ ಆಗಿರುತ್ತದೆ, ಅಂಟಿಕೊಂಡು ಬರುತ್ತದೆ. ಶುದ್ಧ ಹಿತ್ತಾಳೆಯದಾದರೆ ಮಾತ್ರ ಕಣ್ಣಿನಿಂದಲೇ ಹುಡುಕಬೇಕು, ಸಿಗುವವರೆಗೆ ಆ ಕೋಣೆಯಲ್ಲಿ ಚಪ್ಪಲಿ ಹಾಕಿಕೊಂಡೇ ಓಡಾಡಿ.